ಕ್ಯಾಂಪರ್ ವ್ಯಾನಿನ ಪಕ್ಕಗನ್ನಡಿ

ಪಕ್ಕಗನ್ನಡಿ, ಆಡುಮಾತಿನಲ್ಲಿ ಸೈಡ್ ಮಿರರ್, ವಾಹನದ ಮುಂಬಾಗಿಲಿನ ಹೊರಗೆ ಜೋಡಿಸಲಾಗುವ, ಹಿಂಬದಿಯ ರಸ್ತೆಯನ್ನು ಚಾಲಕನಿಗೆ ತೋರಿಸುವ ಕನ್ನಡಿ. ಮಲಗುವ, ಅಡುಗೆ ಮಾಡುವ ಏರ್ಪಾಡುಳ್ಳ ಕ್ಯಾಂಪರ್ ವ್ಯಾನುಗಳಲ್ಲಿ ಕಪಾಟು, ಹಾಸಿಗೆಗಳು ಒಳಗನ್ನಡಿಯ ನೋಟಕ್ಕೆ ಅಡ್ಡಬರುವುದರಿಂದ ಚಾಲಕನು ಬಹುಮಟ್ಟಿಗೆ ಪಕ್ಕಗನ್ನಡಿಗಳನ್ನೇ ಅವಲಂಬಿಸುತ್ತಾನೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಇಂಥ ವ್ಯಾನು ಅಪರೂಪ. ಕೊಟ್ಟೂರೇಶ್ವರ ರಥೋತ್ಸವಕ್ಕೂ ಮೈಲಾರದ ಕಾರ್ಣಿಕೋತ್ಸವಕ್ಕೂ ಹಾಸಿಗೆ, ಪಾತ್ರೆಗಳನ್ನು ಹೇರಿಕೊಂಡು ಬರುವ ಟೆಂಪೊ ಟ್ರಾವೆಲರ್‌ಗಳೇ ಅದಕ್ಕೆ ಸಮೀಪದವು. ಕೊಟ್ಟೂರಿಗೆ ಪಾದಯಾತ್ರೆಯ ಭಕ್ತರು ಸಾಗುವ ದಿನಗಳಲ್ಲಿ ರಸ್ತೆಯ ಎಡ ಅಂಚಿನಲ್ಲಿ ನಡೆಯುವವರನ್ನು ತೋರಿಸಬೇಕಾದುದು ಎಡಗನ್ನಡಿ. ಬಲಬದಿಯಲ್ಲಿ ಕುಳಿತ ಚಾಲಕನ ಕಣ್ಣಿಗೆ ಅದು ಹೆಚ್ಚು ದೂರವಿರುವುದರಿಂದ ಅದರ ಆಯ್ಕೆಯಲ್ಲಿ ಹೆಚ್ಚಿನ ಎಚ್ಚರ ಬೇಕು.

ಗಾಜಿನ ವಕ್ರತೆ

ಸಮತಲ ದರ್ಪಣವು ದೂರವನ್ನು ಸರಿಯಾಗಿ ತೋರಿಸಿದರೂ ಅದರ ನೋಟ ಕಿರಿದು. ಪೀನ ದರ್ಪಣದ ನೋಟ ವಿಶಾಲ, ಆದರೆ ಪ್ರತಿಬಿಂಬ ಚಿಕ್ಕದು. ವಿಶ್ವಸಂಸ್ಥೆಯ 46ನೇ ವಾಹನ ನಿಯಮಾವಳಿಯಂತೆ ಮುಖ್ಯ ಹೊರಗನ್ನಡಿಯ ವಕ್ರತಾ ತ್ರಿಜ್ಯವು 1200 ಮಿ.ಮೀ.ಗಿಂತ ಕಡಿಮೆ ಇರಕೂಡದು. ಇಷ್ಟೇ ತ್ರಿಜ್ಯದ ಗಾಜು ಕಣ್ಣಿನಿಂದ 80 ಸೆಂ.ಮೀ. ದೂರದಲ್ಲಿದ್ದರೆ, ಕನ್ನಡಿಯಿಂದ 20 ಮೀಟರ್ ಹಿಂದಿರುವ ಲಾರಿಯು ಸಮತಲ ಗಾಜಿನಲ್ಲಿ ಕಾಣುವುದರ ಅರ್ಧಕ್ಕಿಂತ ಚಿಕ್ಕದಾಗಿ ಕಾಣುತ್ತದೆ; ಹೀಗಾಗಿ ಅದು ಇನ್ನೂ ದೂರದಲ್ಲಿದೆಯೆಂಬ ಭ್ರಮೆ ಹುಟ್ಟುತ್ತದೆ. ಅಂಗಡಿಯವರು ಅಳತೆಗೆ ಕತ್ತರಿಸಿ ಕೊಡುವ ಸಾದಾ ಕನ್ನಡಿಗಾಜು ಅಗ್ಗವಾದರೂ ಮೂಲ ಗಾಜು ಪೀನವಾಗಿದ್ದಲ್ಲಿ ಅದು ಬದಲಿಯಾಗದು. ಪಕ್ಕದ ನೋಟದ ಬಹುಭಾಗವೇ ಅದರಲ್ಲಿ ಕಳೆದುಹೋಗುತ್ತದೆ.

ಬದಲಿಯ ಆಯ್ಕೆ

ಗಾಜು ಮಾತ್ರ ಒಡೆದಿದ್ದರೆ ಗಾಜನ್ನಷ್ಟೇ ಬದಲಿಸಬಹುದು. ತೋಳು ಅಥವಾ ಬುಡ ಮುರಿದಿದ್ದರೆ ಇಡೀ ಘಟಕವೇ ಬೇಕು. ವಾಹನದ ಮಾದರಿ, ತಯಾರಿಯ ವರ್ಷ, ಎಡ–ಬಲ, ಮೊಳೆರಂಧ್ರಗಳ ಅಂತರ ಹೊಂದಬೇಕು. ಮೋಟಾರಿನಿಂದ ತಿರುಗುವ ಕನ್ನಡಿಯಾದರೆ ತಂತಿಗಳ ಕನೆಕ್ಟರನ್ನೂ ಹೋಲಿಸಿ ನೋಡಬೇಕು. ಎಡಗಡೆ ಸ್ಟಿಯರಿಂಗಿನ ದೇಶಗಳಿಗಾಗಿ ತಯಾರಾದ ಕನ್ನಡಿಯ ಕೋನ ಭಾರತದ ವಾಹನಗಳಿಗೆ ಒಗ್ಗದಿರಬಹುದು. ಭಾರತದಲ್ಲಿ ಕನ್ನಡಿಯ ಗುಣಮಟ್ಟಕ್ಕೆ ಎಐಎಸ್-001, ಜೋಡಣೆಗೆ ಎಐಎಸ್-002 ಮಾನಕಗಳಿವೆ.

ತೋಳಿನ ಉದ್ದವನ್ನು ಹಲವರು ಗಮನಿಸುವುದಿಲ್ಲ. ವಾಸದ ಭಾಗವು ಚಾಲಕನ ಕೋಣೆಗಿಂತ ಅಗಲವಾಗಿದ್ದರೆ ಗಿಡ್ಡ ತೋಳಿನ ಕನ್ನಡಿಯಲ್ಲಿ ವ್ಯಾನಿನ ಮೈಯೇ ಹೆಚ್ಚು ಕಾಣುತ್ತದೆ. ಈ ಕಾರಣಕ್ಕೆ ಯುರೋಪಿನ ಫಿಯಾಟ್ ಡುಕಾಟೊ ವ್ಯಾನಿಗೆ ಗಿಡ್ಡ, ಮಧ್ಯಮ, ಉದ್ದ ತೋಳಿನ ಕನ್ನಡಿಗಳು ದೊರೆಯುತ್ತವೆ. ಜೋಡಿಸಿದ ಬಳಿಕ ವ್ಯಾನಿನ ಪಕ್ಕವು ಗಾಜಿನ ಒಳ ಅಂಚಿನಲ್ಲಿ ಸಣ್ಣ ಪಟ್ಟಿಯಷ್ಟೇ ಕಾಣುವಂತೆ ತಿರುಗಿಸಿಕೊಳ್ಳಬೇಕು.