ನೋಟ್ಸ್ ಮುಚ್ಚಿಸಿ, ಮೂರು ಪ್ರಶ್ನೆ ಕೇಳಿ: ತರಗತಿಯ ಮೊದಲ 5 ನಿಮಿಷದಲ್ಲಿ ಶಿಕ್ಷಕರು ಏನು ಮಾಡಬಹುದು?

ಕಲಬುರಗಿ: 2025ರ ಮೇ 2ರಂದು ಪ್ರಕಟವಾದ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆ. ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ಶೇ 91.12 ಮಕ್ಕಳು ಪಾಸಾದರೆ, ಕಲಬುರಗಿಯಲ್ಲಿ ಶೇ 42.43. ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲ ಸಲಕ್ಕೆ ದಾಟಲಿಲ್ಲ. 2025ರಲ್ಲಿ ಪರೀಕ್ಷೆ-2, ಪರೀಕ್ಷೆ-3 ಅಂತ ಇನ್ನೆರಡು ಅವಕಾಶ ಇದ್ದವು, ನಿಜ. ಆದರೆ ಎಷ್ಟೋ ಮನೆಗಳಲ್ಲಿ ಅಷ್ಟರೊಳಗೆ ಹುಡುಗ ಕೆಲಸಕ್ಕೆ ಬೆಂಗಳೂರಿಗೋ ಮುಂಬೈಗೋ ಹೋಗಿರ್ತಾನೆ, ಹುಡುಗಿಗೆ ಗಂಡು ನೋಡೋಕೆ ಶುರು ಮಾಡಿರ್ತಾರೆ.

ವೆಬ್‌ಕಾಸ್ಟಿಂಗ್ ಬಂದ ಮೇಲೆ ನಕಲು ಮಾಡೋದು ಕಷ್ಟ. 2024ರಲ್ಲಿ ಕೊಟ್ಟಿದ್ದ ಹೆಚ್ಚುವರಿ ಕೃಪಾಂಕವೂ 2025ರಲ್ಲಿ ಇರಲಿಲ್ಲ. ಹಾಗಾಗಿ ಮಗುವಿನ ತಲೆಯಲ್ಲಿ ಏನು ಉಳಿದಿದೆಯೋ ಅದೇ ಉತ್ತರ ಪತ್ರಿಕೆಯಲ್ಲಿ ಕಾಣುತ್ತೆ. ಹಾಗಾದರೆ ತಲೆಯಲ್ಲಿ ಉಳಿಯೋ ಹಾಗೆ ಮಾಡೋದು ಹೇಗೆ? ದುಡ್ಡು ಖರ್ಚಿಲ್ಲದೆ, ಇರೋ ಪೀರಿಯಡ್‌ನಲ್ಲೇ ಮಾಡಬಹುದಾದ ಕೆಲವು ದಾರಿಗಳು ಇಲ್ಲಿವೆ.

ಓದಿಸೋದು ಬೇರೆ, ನೆನಪಿಸೋದು ಬೇರೆ

ಫಲಿತಾಂಶ ಕಡಿಮೆ ಬಂದಾಗಲೆಲ್ಲ ನಮ್ಮಲ್ಲಿ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್ ಶುರುವಾಗುತ್ತೆ. ಬಹಳ ಕಡೆ ಅಲ್ಲಿ ನಡೆಯೋದು ಅದೇ ನೋಟ್ಸ್ ಮತ್ತೆ ಓದೋದು, ಮತ್ತೆ ಬರೆಯೋದು. ಕಣ್ಣ ಮುಂದೆ ಉತ್ತರ ಇದ್ದಾಗ ಮಗುವಿಗೆ ಎಲ್ಲಾ ಗೊತ್ತು ಅನ್ಸುತ್ತೆ. ಪುಸ್ತಕ ಮುಚ್ಚಿದಾಗಲೇ ನಿಜ ತಿಳಿಯೋದು.

2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅನ್ನೋ ಮನಃಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಯಲ್ಲಿ ಹಾಳೆ ನೋಡದೆ ನೆನಪಾದಷ್ಟು ಬರೆಯಿತು. 5 ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ ಇದ್ದರು. ಆದರೆ ಒಂದು ವಾರದ ನಂತರ ಓದಿದವರಿಗೆ ನೆನಪಿದ್ದಿದ್ದು ಸುಮಾರು ಶೇ 40, ನೆನಪಿಸಿಕೊಂಡು ಬರೆದವರಿಗೆ ಸುಮಾರು ಶೇ 61. ನಮ್ಮ ಮಕ್ಕಳು ಪರೀಕ್ಷೆ ಬರೆಯೋದು ಪಾಠ ಕೇಳಿದ 5 ನಿಮಿಷಕ್ಕಲ್ಲ, ತಿಂಗಳುಗಟ್ಟಲೆ ಆದ ಮೇಲೆ.

1. ದಿನಾ ಮೂರು ಪ್ರಶ್ನೆ

ಪೀರಿಯಡ್ ಶುರುವಾದ ಕೂಡಲೇ ಪುಸ್ತಕ ಮುಚ್ಚಿಸಿ. ಬೋರ್ಡ್ ಮೇಲೆ ಮೂರು ಸಣ್ಣ ಪ್ರಶ್ನೆ ಬರೆಯಿರಿ: ಒಂದು ನಿನ್ನೆಯ ಪಾಠದ್ದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು. ಎಲ್ಲರೂ ರಫ್ ನೋಟ್‌ಬುಕ್‌ನಲ್ಲಿ ಬರೆಯಲಿ. ತಕ್ಷಣ ಸರಿ ಉತ್ತರ ಹೇಳಿ, ಅವರೇ ತಿದ್ದಿಕೊಳ್ಳಲಿ. ಇದಕ್ಕೆ ಅಂಕ ಬೇಡ, ಬೈಯೋದೂ ಬೇಡ. ಅಂಕ ಬಂದರೆ ಪಕ್ಕದವನ ಪುಸ್ತಕ ನೋಡೋದು ಶುರುವಾಗುತ್ತೆ, ಮಾಡಿದ ಉಪಯೋಗವೇ ಹೋಗುತ್ತೆ.

2. 'ತಿಳೀತೇನ್ರೋ?' ಅನ್ನೋದು ಬಿಡಿ

ಹಾಗೆ ಕೇಳಿದರೆ ಇಡೀ ಕ್ಲಾಸು 'ಹೂಂನ್ರಿ ಸರ್' ಅನ್ನುತ್ತೆ. ಕೈ ಎತ್ತೋರು ಮುಂದಿನ ಬೆಂಚಿನ ನಾಲ್ಕೇ ಮಂದಿ. ಅದರ ಬದಲು ನಾಲ್ಕು ಆಯ್ಕೆ ಇರೋ ಒಂದು ಪ್ರಶ್ನೆ ಕೊಟ್ಟು, ಉತ್ತರದ ಸಂಖ್ಯೆಯನ್ನು ಎಲ್ಲರೂ ಒಟ್ಟಿಗೆ ಬೆರಳಲ್ಲಿ ತೋರಿಸಲಿ. ಅರ್ಧ ಕ್ಲಾಸು ತಪ್ಪು ಬೆರಳು ತೋರಿಸಿದರೆ ಆ ಪಾಠ ಇನ್ನೂ ಮುಗಿದಿಲ್ಲ ಅಂತಲೇ ಅರ್ಥ.

3. ತಪ್ಪು ಉತ್ತರವನ್ನೇ ಪಾಠ ಮಾಡಿ

1/2 + 1/3 ಎಷ್ಟು ಅಂದರೆ ಬಹಳ ಮಕ್ಕಳು 2/5 ಅಂತಾರೆ. ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಕೂಡಿಸಿಬಿಡ್ತಾರೆ. 'ತಪ್ಪು' ಅಂತ ಗೀಟು ಎಳೆದು ಮುಂದೆ ಹೋಗಬೇಡಿ. ಅರ್ಧ ರೊಟ್ಟಿ ತಾಟಿನಲ್ಲಿದೆ, ಅದಕ್ಕೆ ಇನ್ನೊಂದು ತುಂಡು ಹಾಕಿದೆವು. ಈಗ ಅರ್ಧಕ್ಕಿಂತ ಜಾಸ್ತಿ ಆಗಬೇಕಲ್ಲ? 2/5 ಅರ್ಧಕ್ಕಿಂತ ಕಮ್ಮಿ. ಹೆಂಗಾಯ್ತು? ಹೀಗೆ ಕೇಳಿದರೆ ಮಗು ತಾನೇ ಯೋಚಿಸುತ್ತೆ. ಆಮೇಲೆ 3/6 + 2/6 = 5/6 ಅಂತ ತೋರಿಸಿ. ಯಾರ ತಪ್ಪು ಅಂತ ಹೆಸರು ಹೇಳೋ ಅಗತ್ಯ ಇಲ್ಲ.

4. ಅರ್ಧ ಬಿಡಿಸಿದ ಲೆಕ್ಕ ಕೊಡಿ

ಬೋರ್ಡ್ ಮೇಲೆ ಒಂದು ಲೆಕ್ಕ ಪೂರ್ತಿ ಬಿಡಿಸಿ, ಕೂಡಲೇ 'ಉಳಿದಿದ್ದು ನೀವೇ ಮಾಡಿ' ಅಂದರೆ ಹಿಂದಿನ ಬೆಂಚಿನವರು ಅಲ್ಲೇ ಕೈಬಿಡ್ತಾರೆ. ಎರಡನೇ ಲೆಕ್ಕದಲ್ಲಿ ಕೊನೆಯ ಹಂತ ಮಾತ್ರ ಬಿಡಿ, ಮೂರನೆಯದರಲ್ಲಿ ಎರಡು ಹಂತ ಬಿಡಿ, ನಾಲ್ಕನೆಯದು ಪೂರ್ತಿ ಅವರದ್ದೇ. ಮೆಟ್ಟಿಲು ಹತ್ತಿಸಿದ ಹಾಗೆ.

5. ಅಂಕದ ಜೊತೆ ಒಂದು ಸಾಲು

ರೂಪಣಾತ್ಮಕ ಪರೀಕ್ಷೆಯಲ್ಲಿ ಬರೀ '6/10' ಅಂತ ಬರೆದರೆ ಮಗುವಿಗೆ ಮುಂದೆ ಏನು ಮಾಡಬೇಕು ಅಂತ ತಿಳಿಯಲ್ಲ. 'ಸೂತ್ರ ಸರಿ, ಚಿಹ್ನೆ ತಪ್ಪಿದೆ. 3ನೇ ಲೆಕ್ಕ ಮತ್ತೆ ಮಾಡು' ಅಂತ ಬರೆದು, ಅದನ್ನು ಕ್ಲಾಸಲ್ಲೇ ಮಾಡಿಸಿ. 60 ಮಕ್ಕಳಿದ್ದರೆ ಎಲ್ಲರಿಗೂ ಬರೆಯೋದು ಆಗಲ್ಲ. ಒಂದು ಪರೀಕ್ಷೆಗೆ 15 ಮಕ್ಕಳಂತೆ ಸರದಿ ಮೇಲೆ ಬರೆಯಬಹುದು.

6. ಓದೋಕೇ ಬರದವರನ್ನು ಜೂನ್‌ನಲ್ಲೇ ಗುರುತಿಸಿ

ಪ್ರಶ್ನೆಯನ್ನೇ ಸರಾಗವಾಗಿ ಓದೋಕೆ ಬರದ ಮಗುವಿಗೆ ಮೇಲಿನ ಯಾವುದೂ ಪೂರ್ತಿ ಉಪಯೋಗ ಆಗಲ್ಲ. ಶಾಲೆ ಶುರುವಾದಾಗ ನಡೆಯೋ ಸೇತುಬಂಧದ ಪರೀಕ್ಷೆ ಇದಕ್ಕೇ ಇರೋದು. ದಾಖಲೆಗಷ್ಟೇ ಮಾಡಿ ಫೈಲಿಗೆ ಹಾಕದೆ, ಒಬ್ಬೊಬ್ಬರಿಂದ ಒಂದು ಪ್ಯಾರಾ ಓದಿಸಿ ನೋಡಿ. ತಡವರಿಸೋರಿಗೆ ದಿನಾ 10 ನಿಮಿಷ, ಚೆನ್ನಾಗಿ ಓದೋ ಗೆಳೆಯನ ಜೊತೆ ಕೂರಿಸಿ ಓದಿಸಿ. ಇದನ್ನ ಜನವರಿಗೆ ಶುರು ಮಾಡಿದರೆ ತಡ ಆಗಿರುತ್ತೆ.

ಪೋರ್ಷನ್ ಮುಗಿಯೋದು ಹೇಗೆ?

ಶಿಕ್ಷಕರು ಕೇಳೋ ಮೊದಲ ಪ್ರಶ್ನೆ ಇದೇ, ಅದು ನ್ಯಾಯವಾದದ್ದೇ. 40 ನಿಮಿಷದ ಪೀರಿಯಡ್‌ನಲ್ಲಿ 5 ನಿಮಿಷ ಸಣ್ಣದಲ್ಲ. ಆದರೆ ಡಿಸೆಂಬರ್‌ಗೆ ಪೋರ್ಷನ್ ಮುಗಿಸಿ, ಜೂನ್‌ನ ಪಾಠ ಮತ್ತೆ ಮೊದಲಿಂದ ಹೇಳೋದಕ್ಕೆ ಹೋಗೋ ಸಮಯ ಇದಕ್ಕಿಂತ ಜಾಸ್ತಿ. ದಿನಾ ಕೇಳ್ತಾ ಬಂದರೆ ಆ ಭಾರ ಕಮ್ಮಿ ಆಗುತ್ತೆ.

ಇಷ್ಟರಿಂದಲೇ ಜಿಲ್ಲೆಯ ಫಲಿತಾಂಶ ಬದಲಾಗಿಬಿಡುತ್ತೆ ಅನ್ನೋಕಾಗಲ್ಲ. ಖಾಲಿ ಹುದ್ದೆ ತುಂಬಬೇಕು, ಶಿಕ್ಷಕರಿಗೆ ಪಾಠ ಬಿಟ್ಟು ಬೇರೆ ಕೆಲಸ ಕಮ್ಮಿ ಆಗಬೇಕು, ತೊಗರಿ ರಾಶಿ ಸಮಯದಲ್ಲಿ ಮಕ್ಕಳು ಹೊಲದ ಬದಲು ಶಾಲೆಯಲ್ಲಿರಬೇಕು. ಅವು ಸರ್ಕಾರ ಮತ್ತು ಮನೆಯವರ ಕೈಯಲ್ಲಿರೋ ಕೆಲಸ. ಆದರೆ ಪೀರಿಯಡ್‌ನ ಮೊದಲ 5 ನಿಮಿಷ ಶಿಕ್ಷಕರ ಕೈಯಲ್ಲೇ ಇದೆ. ಅದಕ್ಕೆ ಆದೇಶವೂ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಒಂದು ಬಳಪ ಸಾಕು.