ಬೀಗ ಬಿದ್ದ ಬರಹ

ಹುನಗುಂದದ ನಮ್ಮ ಮನೆಯ ಗಣಕಯಂತ್ರದಲ್ಲಿ ಒಂದು ಮುಂಜಾನೆ, ಬಾದಾಮಿಯ ಶಾಸನಗಳನ್ನು ಕುರಿತ ನನ್ನ ಟಿಪ್ಪಣಿಗಳು ತೆರೆಯಲಿಲ್ಲ. ಹಣ ಕೊಟ್ಟರೆ ಕೀಲಿ ಕೊಡುವೆವೆಂಬ ಒಕ್ಕಣೆಯೊಂದೇ ಪರದೆಯ ಮೇಲಿತ್ತು. ಕೇಳುಗರೇ, ಇದಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಕಡತಗಳನ್ನು ಇದ್ದಲ್ಲಿಯೇ ಗೂಢಲಿಪಿಗೆ ತಿರುಗಿಸಿ ಒತ್ತೆಹಣ ಕೇಳುವುದು ಇದರ ರೀತಿ. 1989ರಲ್ಲಿಯೇ ಅಂಚೆಯ ಫ್ಲಾಪಿಗಳಲ್ಲಿ ಕಾಣಿಸಿಕೊಂಡ ಈ ಪಿಡುಗು, 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಹೆಸರಿನಿಂದ ಸುಮಾರು 150 ದೇಶಗಳನ್ನು ಕಾಡಿತು.

ಜಾಹೀರಾತು ಸುರಿಸುವ, ಬ್ರೌಸರನ್ನು ಅಪಹರಿಸುವ ತಂತ್ರಾಂಶಗಳದು ಬೇರೆ ಬಗೆ. ಗುರುತಿಲ್ಲದ ತಂತ್ರಾಂಶಗಳನ್ನೂ ಬ್ರೌಸರಿನ ವಿಸ್ತರಣೆಗಳನ್ನೂ ತೆಗೆದುಹಾಕಿ, ಬ್ರೌಸರನ್ನು ಮೂಲಸ್ಥಿತಿಗೆ ತಂದರೆ ಅವು ಬಹುಮಟ್ಟಿಗೆ ತೊಲಗುತ್ತವೆ. ರ‍್ಯಾನ್ಸಮ್‌ವೇರನ್ನು ಅಳಿಸಿದರೂ ಬೀಗ ಮಾತ್ರ ತೆರೆಯದು. ಮೊದಲು ಅಂತರ್ಜಾಲದ ಸಂಪರ್ಕ ಕಡಿಯಬೇಕು. ಹಣ ಕೊಡಬಾರದು, ಕೊಟ್ಟರೂ ಕೀಲಿ ಬರುವ ಭರವಸೆಯಿಲ್ಲ. 1930ಕ್ಕೆ ಕರೆಮಾಡಿ ದೂರು ಕೊಡಬೇಕು. ಯುರೋಪೋಲ್ ಮೊದಲಾದವರು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬೀಗಗಳಿಗೆ ಪುಕ್ಕಟೆ ಕೀಲಿಗಳಿವೆ.

ನನ್ನ ಬೀಗಕ್ಕೆ ಅಲ್ಲಿ ಕೀಲಿಯಿರಲಿಲ್ಲ. ಯಂತ್ರವನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸಿದೆ. ಇಳಕಲ್ಲಿನ ಶಿಷ್ಯನೊಬ್ಬನ ಪೆನ್‌ಡ್ರೈವಿನಲ್ಲಿದ್ದ ಹಳೆಯ ಪ್ರತಿಯಿಂದ ಅರ್ಧ ಬರಹ ಮರಳಿತು. ಉಳಿದರ್ಧಕ್ಕಾಗಿ ಈ ವಯಸ್ಸಿನಲ್ಲಿ ಮತ್ತೆ ಬಾದಾಮಿಯ ಬಂಡೆಯ ಮುಂದೆ ನಿಂತೆ. ಕಪ್ಪೆ ಅರಭಟ್ಟನ ಅಕ್ಷರಗಳು ಅಲ್ಲಿ ಹಾಗೆಯೇ ಇದ್ದವು. ನಮ್ಮ ಬರಹ ಬಂಡೆಯ ಮೇಲಿಲ್ಲ. ಆದುದರಿಂದ ಯಂತ್ರಕ್ಕೆ ಸಿಕ್ಕಿಸಿಡದ ಪ್ರತಿಯೊಂದು ಬೇರೆಡೆ ಇರಲಿ.