‘ಹತ್ತು’ ಎಂಬ ಮಾತಿಗೆ ಅರ್ಥಗಳೆಷ್ಟು?

ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳನ್ನು ಹೆಚ್ಚು ಕಾಡುವುದು ದೊಡ್ಡ ದೊಡ್ಡ ಶಬ್ದಗಳಲ್ಲ; ‘ಗೆಟ್’, ‘ಸೆಟ್’, ‘ರನ್’, ‘ಕ್ಯಾಚ್’ ಮೊದಲಾದ ಪುಟ್ಟ ಕ್ರಿಯಾಪದಗಳು. ಆಕ್ಸ್‌ಫರ್ಡ್ ಮಹಾನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದವಾದ ವಿವರಣೆ ‘ಸೆಟ್’ ಶಬ್ದಕ್ಕೆ ಸಂದಿತ್ತು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಎಂಬುದು ಅದನ್ನು ಹಿಂದೆ ಹಾಕಿತು. ಅದರ ಅರ್ಥಗಳು 600ನ್ನೂ ದಾಟಿವೆ. ‘ಕ್ಯಾಚ್’ ಎಂದರೆ ಚೆಂಡು ಹಿಡಿಯುವುದೂ ಹೌದು, ಬೆಂಕಿ ತಗಲುವುದೂ ಹೌದು, ಬಸ್ಸು ಸಿಕ್ಕುವುದೂ ನೆಗಡಿ ಅಂಟುವುದೂ ಹೌದು. ಲ್ಯಾಟಿನಿನಲ್ಲಿ ಹುಟ್ಟಿ ಫ್ರೆಂಚರ ಮೂಲಕ ಇಂಗ್ಲೆಂಡಿಗೆ ಬಂದ ಈ ಶಬ್ದಕ್ಕೆ, ಬೆನ್ನಟ್ಟುವುದೆಂಬ ಅರ್ಥದ ‘ಚೇಸ್’ ಒಡಹುಟ್ಟು.

‘ಇದೆಂಥ ಭಾಷೆಯಪ್ಪಾ!’ ಎಂದು ಬೇಸರಿಸುವ ಮಕ್ಕಳಿಗೆ ನಮ್ಮ ಮನೆಯದೇ ಒಂದು ಉದಾಹರಣೆ ತೋರಿಸಬಹುದು. ಅದಕ್ಕಾಗಿ ನಾವು ಸ್ವಲ್ಪ ದೂರ, ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿಗೆ, ಆದೋನಿಗೆ ಹೋಗಬೇಕು.

ಆದೋನಿ ಹತ್ತಿಯ ಪೇಟೆ. ತೆಲುಗರು ‘ಪತ್ತಿ’ ಎನ್ನುವುದನ್ನು ಅಲ್ಲಿಯ ಕನ್ನಡಿಗರು ‘ಹತ್ತಿ’ ಎನ್ನುತ್ತಾರೆ. ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರ್ವಿ ಕಡೆಯ ಕನ್ನಡ ಬಳ್ಳಾರಿ, ರಾಯಚೂರುಗಳ ಕನ್ನಡದ ಜಾತಿಯದೇ. ಆ ಸೀಮೆಯ ಮಾತಿನಲ್ಲಿ ‘ಹತ್ತು’ ಎಂಬ ಒಂದು ಕ್ರಿಯಾಪದ ಎಷ್ಟು ಕೆಲಸ ಮಾಡುತ್ತದೆಂದು ನೋಡಿ. ಗುಡ್ಡ ಹತ್ತುವುದು, ಬಸ್ಸು ಹತ್ತುವುದು ನಮಗೂ ಗೊತ್ತು. ಬೆಂಕಿ ಹತ್ತುತ್ತದೆ. ಒಲೆಯ ಮೇಲೆ ಮರೆತ ಅನ್ನ ತಳ ಹತ್ತುತ್ತದೆ. ನಾಲಗೆಗೆ ರುಚಿ ಹತ್ತುತ್ತದೆ. ಊರಿಗೆ ಹೋಗಲು ಎರಡು ತಾಸು ಹತ್ತುತ್ತದೆ. ಮದುವೆಗೆ ಇಷ್ಟು ಸಾವಿರ ಹತ್ತುತ್ತದೆ. ರಾತ್ರಿ ‘ನಿದ್ದಿ ಹತ್ಲಿಲ್ಲ’. ಕೊನೆಗೆ ಮೋಡ ನೋಡಿ, ‘ಮಳಿ ಬರಾಕ ಹತ್ತೈತಿ’.

ಈ ಕೊನೆಯದು ಪಠ್ಯಪುಸ್ತಕದ ‘ಮಳೆ ಬರುತ್ತಿದೆ’. ಹತ್ತುವುದೆಂದರೆ ತೊಡಗುವುದು. ತೊಡಗಿದ ಕೆಲಸ ನಡೆಯುತ್ತಲೇ ಇದೆ ಎಂಬ ಅರ್ಥ ಅದರಿಂದ ಬಂತು. ಗ್ರಂಥಗಳಲ್ಲಿ ‘ಅಳಹತ್ತಿದಳು’, ‘ನಗಹತ್ತಿದರು’ ಎಂದು ಓದಿದವರಿಗೆ ಇದು ಹೊಸತೇನಲ್ಲ.

ಇಷ್ಟೊಂದು ಅರ್ಥಗಳಿಗೆ ಬುಡ ಒಂದೇ: ಅಂಟುವುದು. ಮರಕ್ಕೆ ಅಂಟಿಕೊಂಡು ಮೇಲೇರಿದರೆ ಹತ್ತಿದ ಹಾಗೆ. ಉರಿ ಸೌದೆಗೆ ಅಂಟಿದರೆ ಬೆಂಕಿ ಹತ್ತಿತು. ನಿದ್ದೆ ಕಣ್ಣಿಗೆ ಅಂಟಿದರೆ ನಿದ್ದೆ ಹತ್ತಿತು. ಹಳಗನ್ನಡದಲ್ಲಿ ಈ ಶಬ್ದ ‘ಪತ್ತು’ ಎಂದಿತ್ತು. ‘ಪಾಲು’ ಹಾಲಾದಂತೆ, ‘ಪೂ’ ಹೂವಾದಂತೆ ‘ಪತ್ತು’ ಹತ್ತಾಯಿತು. ಎಣಿಕೆಯ ಹತ್ತು ಬೇರೆ. ಧ್ವನಿ ಒಂದಾದರೂ ಮೂಲ ಒಂದಲ್ಲ.

ಇನ್ನು ನಮ್ಮ ಕಾಸರಗೋಡಿಗೆ ಬರೋಣ. ತುಳುವಿನಲ್ಲಿ ‘ಪತ್ತ್’ ಎಂದರೆ ಹಿಡಿ. ಮಲೆಯಾಳದ ನೆರೆಯವರು ದಿನಕ್ಕೆ ನೂರು ಸಲ ಕೇಳುತ್ತಾರೆ, ‘ಎಂದ್ ಪಟ್ಟಿ?’ (ಏನಾಯಿತು?) ಎಂದು. ಕಚೇರಿಯ ಕಿಟಕಿಯಲ್ಲಿ ಕೇಳುವುದು ‘ಪಟ್ಟಿಲ್ಲ’ (ಆಗುವುದಿಲ್ಲ) ಎಂದು. ಈ ‘ಪಟ್ಟಿ’ಯೂ ಆದೋನಿಯ ‘ಹತ್ತಿತು’ ಎಂಬುದೂ ಒಂದೇ ಬಳ್ಳಿಯ ಕಾಯಿಗಳು! ಅಂಟುವುದು, ಹೊಂದುವುದು, ಸಂಭವಿಸುವುದು, ಸಾಧ್ಯವಾಗುವುದು – ಹೀಗೆ ಮಲೆಯಾಳದಲ್ಲಿ ಅರ್ಥ ಬೆಳೆದಿದೆ. ಅಲ್ಲಿಯ ಆ ಧ್ವನಿ ನಮ್ಮ ‘ತ್ತ’ವೂ ಅಲ್ಲ, ‘ಟ್ಟ’ವೂ ಅಲ್ಲ, ನಡುವಿನದು. ಕನ್ನಡ, ತುಳುಗಳಲ್ಲಿ ಅದು ‘ತ್ತ’ ಆಯಿತು. ತೆಲುಗಿನಲ್ಲಿ ‘ಟ್ಟ’ ಆಯಿತು. ನಮ್ಮ ‘ಸುತ್ತು’ ತೆಲುಗಿನಲ್ಲಿ ‘ಚುಟ್ಟು’, ನಮ್ಮ ‘ಹುತ್ತ’ ಅಲ್ಲಿ ‘ಪುಟ್ಟ’. ಹಾಗೆಯೇ ನಮ್ಮ ‘ಹತ್ತು’ ಅಲ್ಲಿ ‘ಪಟ್ಟು’. ‘ನಿದ್ದಿ ಹತ್ತಿತು’ ಎಂಬಲ್ಲಿ ತೆಲುಗರು ‘ನಿದ್ರ ಪಟ್ಟಿಂದಿ’ ಎನ್ನುತ್ತಾರೆ.

ಇದನ್ನೆಲ್ಲ ತಿಳಿಯಲು ನಮಗೆ ದೂರದ ವಿದ್ಯಾಪೀಠವೇ ಬೇಕೆಂದಿಲ್ಲ. ಗುಂಡರ್ಟರ ಮಲೆಯಾಳ ನಿಘಂಟು 1872ರಲ್ಲಿ, ಮ್ಯಾನರರ ತುಳು ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಪ್ರಕಟವಾದವು. ಮೂರೂ ಹೊರಬಂದದ್ದು ನಮ್ಮ ನೆರೆಯ ಮಂಗಳೂರಿನಿಂದ. ಬರೋ ಮತ್ತು ಎಮೆನೋ ಅವರ ದ್ರಾವಿಡ ಶಬ್ದಮೂಲ ಕೋಶ ಹೊರಬಂದದ್ದು ಬಹಳ ಮುಂದೆ, 1961ರಲ್ಲಿ.

ಒಂದು ಶಬ್ದದ ಬೇರು ಕೆದಕಿ ನಮಗಾಗುವ ಲಾಭವೇನು ಎಂದು ವಾಚಕರು ಕೇಳಬಹುದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದವು. ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ 1956ರಲ್ಲಿ. ಆದರೆ ವಿಧಿ ಕೊಡುವುದು ಶಾಲೆಯ ಬಾಗಿಲನ್ನು. ಮನೆಯ ಮಾತಿಗೆ ಮರ್ಯಾದೆ ಕೊಡಬೇಕಾದವರು ನಾವೇ.

ಆದೋನಿಯ ಕಡೆಯ ಮಗುವೊಂದು ತರಗತಿಯಲ್ಲಿ ‘ನಿದ್ದಿ ಹತ್ಲಿಲ್ಲ’ ಎಂದಿತೆನ್ನಿ. ‘ಇದು ತೆಲುಗು ಬೆರೆತ ಕನ್ನಡ’ ಎಂದು ಯಾರಾದರೂ ನಕ್ಕರೆ ಆ ಮಗು ಇನ್ನೊಮ್ಮೆ ಬಾಯಿ ತೆರೆಯುವುದೇ? ನಮ್ಮ ಮಕ್ಕಳೂ ಘಟ್ಟದ ಮೇಲೆ ಕಾಲೇಜಿಗೆ ಹೋದಾಗ ‘ನಿಮ್ಮದು ಮಲೆಯಾಳ ಕನ್ನಡ’ ಎನ್ನಿಸಿಕೊಂಡು ಬರುವುದುಂಟು. ನಾಚಿಕೊಂಡ ಮಾತು ಮೊದಲು ಪೇಟೆಯಲ್ಲಿ ನಿಲ್ಲುತ್ತದೆ, ಆಮೇಲೆ ಅಡುಗೆಮನೆಯಲ್ಲಿ. ಬೆರೆತದ್ದು ಇಲ್ಲವೆಂದಲ್ಲ, ಗಡಿಯಲ್ಲಿ ಬೆರೆಯುವುದು ಸಹಜ. ಆದರೆ ‘ಹತ್ತು’ ಸಾಲದ ಮಾತಲ್ಲ, ಅಜ್ಜನ ಕಾಲದ ಆಸ್ತಿ. ಪರೀಕ್ಷೆಗೆ ‘ಬರುತ್ತಿದೆ’ ಎಂದು ಬರೆಯಲು ಕಲಿಸೋಣ, ಬೇಡವೆನ್ನುವವರಾರು? ‘ಬರಾಕ ಹತ್ತೈತಿ’ ಎಂಬುದು ತಪ್ಪೆಂದು ಮಾತ್ರ ಕಲಿಸದಿರೋಣ.

ಸಂಜೆ ದೀಪ ಹತ್ತಿಸಿದ ಮೇಲೆ ಮಕ್ಕಳನ್ನು ಕೂರಿಸಿ, ಅಜ್ಜಿಯ ಬಾಯಲ್ಲಿ ಈ ಶಬ್ದಕ್ಕೆ ಎಷ್ಟು ಅರ್ಥಗಳಿವೆಯೆಂದು ಬರೆಯಿಸಿ ನೋಡಿ. ಕಾಗದ ತುಂಬೀತು. ‘ಹತ್ತಿರ’ ಎಂಬ ಮಾತೂ ಇದೇ ಬೇರಿನದೆಂದು ಅವರಿಗೆ ಹೇಳಿ; ಅಂಟಿಕೊಂಡಿರುವುದೇ ಹತ್ತಿರ. ನಕ್ಷೆಯಲ್ಲಿ ಆದೋನಿ ನಮಗೆ ಬಹು ದೂರ. ಮಾತಿನಲ್ಲಿ ಅಷ್ಟು ದೂರವೇನಲ್ಲ.